ದೂರದ ಊರಿನ ಮಾತ್ರೆ

ಬೆಳಗಿನ ಮೊದಲ ಟ್ರೇ ಓವನ್ನಿನಿಂದ ಹೊರಗೆ ಬರುವ ಹೊತ್ತಿಗೆ ಬೇಕರಿಯ ಮುಂದೆ ಐದಾರು ಜನ ಕಾಯುತ್ತಿರುತ್ತಿದ್ದರು. ಮಕ್ಕಳ ಡಬ್ಬಿಗೆ ಬ್ರೆಡ್ಡು ಬೇಕಾದವರು, ಕೆಲಸಕ್ಕೆ ಹೋಗುವ ಮುಂಚೆ ನಿಂತಲ್ಲೇ ಒಂದು ಬನ್ನು ಬಾಯಿಗೆ ಹಾಕಿಕೊಳ್ಳುವವರು, ಕೊಳ್ಳುವುದಕ್ಕಿಂತ ಹರಟುವುದಕ್ಕೇ ಬರುವವರು. ಕೌಂಟರಿನ ಹಿಂದೆ ನಿಂತ ಮಾಲೀಕನನ್ನು ಇಡೀ ಬೀದಿ ಬೇಕರಿಯಣ್ಣ ಎಂದೇ ಕರೆಯುತ್ತಿತ್ತು. ದೊಡ್ಡ ಮೈ, ದೊಡ್ಡ ಗಂಟಲು, ಯಾರಿಗೂ ಮಾತಿನಲ್ಲಿ ಸೋಲದ ಬಾಯಿ.

“ಏನ್ ಬೇಕರಿಯಣ್ಣ, ಬನ್ನು ದಿನದಿಂದ ದಿನಕ್ಕೆ ಸಣ್ಣದಾಗ್ತಿದೆ?”

“ಬನ್ನು ಅಷ್ಟೇ ಇದೆ ಸಾರ್. ನಿಮ್ಮ ಹೊಟ್ಟೆ ಬೆಳೀತಿದೆ.”

ನಗು ಎದ್ದಿತು. ಆ ನಗುವಿನ ನಡುವೆಯೇ ಪರದೆಯ ಒಳಗಿನಿಂದ ಕೆಮ್ಮು ಕೇಳಿಸಿತು. ಒಂದು ಸಲ ಶುರುವಾದರೆ ನಿಲ್ಲದ, ಎದೆಯ ತಳದಿಂದ ಕಿತ್ತು ಬರುವ ಒಣ ಕೆಮ್ಮು. ಬೇಕರಿಯಣ್ಣನ ಮುಖದ ನಗು ಹಾಗೆಯೇ ಉಳಿದಿತ್ತು, ಕಣ್ಣು ಮಾತ್ರ ಪರದೆಯ ಕಡೆ ಹೊರಳಿತು. ಚಿಲ್ಲರೆ ಕೊಟ್ಟು ಮುಗಿಸಿ ಒಳಗೆ ನುಗ್ಗಿದ.

ಒಳಗೆ ಹಿಟ್ಟು ನಾದುವ ಮೇಜಿಗೆ ಒರಗಿ ತಮ್ಮ ನಿಂತಿದ್ದ. ಮುಖವನ್ನು ಭುಜಕ್ಕೆ ಒತ್ತಿಕೊಂಡು ಕೆಮ್ಮನ್ನು ನುಂಗಲು ಹೆಣಗುತ್ತಿದ್ದ. ಚಿಕ್ಕಂದಿನಲ್ಲಿ ಗುಂಡುಗುಂಡಾಗಿದ್ದ ಅಂತ ಎಲ್ಲರೂ ಅವನನ್ನು ಗುಂಡ ಎನ್ನುತ್ತಿದ್ದರು. ಈಗ ಅಂಗಿ ಗೂಟಕ್ಕೆ ನೇತುಹಾಕಿದ ಹಾಗಿತ್ತು. ಹೆಸರು ಮಾತ್ರ ಹಾಗೇ ಉಳಿದಿತ್ತು.

“ಹೊರಗೆ ಜನ ಇದಾರೆ ಕಣೋ. ಹಿತ್ತಲಿಗೆ ಹೋಗಿ ಕೆಮ್ಮು.”

“ಹೂಂ ಅಣ್ಣ.” ಉಸಿರು ತಿರುಗಿದ ಮೇಲೆ ಗುಂಡ ಮೆಲ್ಲಗೆ ಕೇಳಿದ, “ಈ ವಾರನಾದ್ರೂ ಡಾಕ್ಟ್ರ ಹತ್ರ ಹೋಗಿ ಬರ್ಲಾ? ಮಾತ್ರೆ ಮುಗಿದು ಎರಡು ತಿಂಗಳ ಮೇಲಾಯ್ತು.”

“ಹಾಸ್ಟೆಲ್ ಆರ್ಡರ್ ಒಂದು ಮುಗಿದುಬಿಡ್ಲಿ. ನೀನು ಹೋದ್ರೆ ಹಿಟ್ಟು ಯಾರು ನಾದ್ತಾರೆ? ಇಷ್ಟು ದಿನ ತಡೆದಿದೀಯ, ಇನ್ನೊಂದು ನಾಲ್ಕು ದಿನ.”

ಗುಂಡ ಮತ್ತೆ ಹಿಟ್ಟಿಗೆ ಕೈ ಹಾಕಿದ. ಅಣ್ಣನಿಗೆ ಎದುರಾಡುವ ಹಕ್ಕನ್ನು ಅವನು ಮೂರು ವರ್ಷದ ಹಿಂದೆಯೇ ಕಳೆದುಕೊಂಡಿದ್ದ. ಹಾಗಂತ ಇಬ್ಬರೂ ನಂಬಿದ್ದರು.

ಮೂರು ವರ್ಷದ ಹಿಂದೆ ಅವನು ಲಾರಿ ಕೆಲಸ ಬಿಟ್ಟು, ಬಿಡದ ಜ್ವರ ಹೊತ್ತುಕೊಂಡು ಮನೆಗೆ ಬಂದಿದ್ದ. ಇಲ್ಲಿಯ ಸರ್ಕಾರಿ ಆಸ್ಪತ್ರೆಯಲ್ಲಿ ರಕ್ತ ನೋಡಿ ಎಚ್‌ಐವಿ ಇದೆ ಎಂದರು. ಹೆದರಬೇಡಿ, ದಿನಾ ಮಾತ್ರೆ ತೆಗೆದುಕೊಂಡರೆ ಎಲ್ಲರಂತೆ ಬದುಕಬಹುದು, ದುಡ್ಡೇನೂ ಕೊಡಬೇಕಾಗಿಲ್ಲ ಎಂದು ಹೇಳಿ ಮೊದಲ ತಿಂಗಳ ಡಬ್ಬಿ ಕೈಗಿಟ್ಟರು. ಗುಂಡ ಅದನ್ನು ತಂದು ಅಣ್ಣನ ಮುಂದಿಟ್ಟು ತಲೆ ತಗ್ಗಿಸಿ ನಿಂತ.

ಬೇಕರಿಯಣ್ಣ ಕೂಗಾಡಲಿಲ್ಲ, ಕೈಯೆತ್ತಲಿಲ್ಲ. ಆದರೆ ಮಾತ್ರೆ ಕೊಡುವ ಕಿಟಕಿಯಲ್ಲಿ ಯಾರು ಕೂರುತ್ತಾರೆ ಎಂಬುದು ಅವನಿಗೆ ಗೊತ್ತಿತ್ತು. ಇದೇ ಬೀದಿಯ ಕೊನೆಯ ಮನೆಯಾಕೆ, ಎಲ್ಲರೂ ಫಾರ್ಮಸಿಯಮ್ಮ ಎನ್ನುವವಳು. ಸಂಜೆ ಆದರೆ ಇದೇ ಕೌಂಟರಿಗೆ ಬ್ರೆಡ್ಡಿಗೆ ಬರುತ್ತಾಳೆ. ಅವಳ ಬಾಯಿಂದ ಒಂದು ಮಾತು ಹೊರಬಿದ್ದರೆ ಬೇಕರಿಯ ಬಾಗಿಲು ಹಾಕಿಕೊಂಡು ಮನೆಯಲ್ಲಿ ಕೂರಬೇಕಾಗುತ್ತದೆ.

“ಇನ್ನೊಂದ್ಸಲ ಆ ಆಸ್ಪತ್ರೆ ಮೆಟ್ಟಿಲು ಹತ್ತಬೇಡ,” ಎಂದ. “ದೂರದಲ್ಲಿ ಒಬ್ಬ ಪ್ರೈವೇಟ್ ಡಾಕ್ಟ್ರು ಇದಾರಂತೆ. ಎಷ್ಟೇ ಖರ್ಚಾಗ್ಲಿ, ನಾನು ನೋಡ್ಕೋತೀನಿ.”

ಅಂದಿನಿಂದ ಗುಂಡ ತಿಂಗಳಿಗೊಮ್ಮೆ ಬಸ್ಸು ಹತ್ತಿ, ಅರ್ಧ ದಿನ ಕೂತು, ಬೇರೆ ಊರಿನ ಅಂಗಡಿಯಲ್ಲಿ ಮಾತ್ರೆ ಕೊಂಡು ಬರುತ್ತಿದ್ದ. ಡಾಕ್ಟರ ಫೀಜು, ರಕ್ತ ಪರೀಕ್ಷೆ, ಬಸ್ಸು, ಮಾತ್ರೆ, ಎಲ್ಲ ಸೇರಿ ಬೇಕರಿಯ ಲಾಭದಲ್ಲಿ ದೊಡ್ಡ ತುಂಡೇ ಹೋಗುತ್ತಿತ್ತು. ಬೇಕರಿಯಣ್ಣ ಅದನ್ನು ಗೊಣಗದೆ ಕೊಡುತ್ತಿದ್ದ. ಯಾವ ಅಣ್ಣ ಇಷ್ಟು ಮಾಡುತ್ತಾನೆ ಎಂದು ಒಳಗೊಳಗೇ ತನ್ನ ಬೆನ್ನು ತಾನೇ ತಟ್ಟಿಕೊಳ್ಳುತ್ತಿದ್ದ. ಗುಂಡನ ತಟ್ಟೆ ಲೋಟ ಬೇರೆ ಆಗಿದ್ದು, ಮಲಗುವ ಜಾಗ ಮನೆಯಿಂದ ಮೈದಾ ಮೂಟೆಗಳ ಕೋಣೆಗೆ ಹೋಗಿದ್ದು ಅವನ ಲೆಕ್ಕಕ್ಕೆ ಬರಲಿಲ್ಲ. ಮುಟ್ಟಿದರೆ, ಜೊತೆಗೆ ಉಂಡರೆ ಬರುವ ಕಾಯಿಲೆ ಅಲ್ಲ ಎಂದು ಆ ದೂರದ ಡಾಕ್ಟರು ಮೊದಲ ದಿನವೇ ಬಿಡಿಸಿ ಹೇಳಿದ್ದರು. ಅದನ್ನು ನಂಬಿದ್ದರಿಂದಲೇ ಬೇಕರಿಯಣ್ಣ ಗುಂಡನ ಕೈಯಲ್ಲಿ ಹಿಟ್ಟು ನಾದಿಸುತ್ತಿದ್ದ. ಅವನಷ್ಟು ಹದವಾಗಿ ನಾದುವವರು ಊರಲ್ಲೇ ಇರಲಿಲ್ಲ. ಅಂದರೆ ಅಂಗಡಿಗೆ ಆ ಮಾತು ನಿಜ, ಮನೆಗೆ ಮಾತ್ರ ಸುಳ್ಳು.

“ಒಂದೇ ತಟ್ಟೇಲಿ ಉಂಡು ಬೆಳೆದವರು ನೀವು,” ಎಂದು ಹೆಂಡತಿ ಒಮ್ಮೆ ಹೇಳಿದ್ದಳು. “ಅವನಿಗೆ ತಟ್ಟೆ ಬೇರೆ ಇಡೋಕೆ ನನಗೆ ಮನಸ್ಸು ಬರಲ್ಲ.”

“ಮಕ್ಕಳಿರೋ ಮನೆ. ನಿನಗೆ ಗೊತ್ತಾಗಲ್ಲ, ಸುಮ್ನಿರು,” ಎಂದು ಅವಳ ಬಾಯಿ ಮುಚ್ಚಿಸಿದ್ದ.

ಹಾಸ್ಟೆಲ್ ಆರ್ಡರ್ ಮುಗಿಯುವ ಮುಂಚೆಯೇ ಗುಂಡ ಬಿದ್ದ. ಟ್ರೇ ಎತ್ತಲು ಬಗ್ಗಿದವನು ಹಾಗೆಯೇ ಮಂಡಿಯೂರಿ ಕೂತ. ತುಟಿ ನೀಲಿಗಟ್ಟಿತ್ತು. ಉಸಿರು ಎಳೆದುಕೊಳ್ಳುವಾಗ ಪಕ್ಕೆಲುಬು ಒಂದೊಂದೂ ಎದ್ದು ಕಾಣುತ್ತಿತ್ತು. ಬೇಕರಿಯಣ್ಣ ಅವನನ್ನು ಬ್ರೆಡ್ಡು ಹಾಕುವ ವ್ಯಾನಿನಲ್ಲಿ ಮಲಗಿಸಿಕೊಂಡು ಹೊರಟ. ಸರ್ಕಾರಿ ಆಸ್ಪತ್ರೆಯ ಗೇಟು ದಾರಿಯಲ್ಲೇ ಸಿಕ್ಕಿತು. ಅದನ್ನು ದಾಟಿ, ಊರಾಚೆ ಹೊಸದಾಗಿ ಎದ್ದಿದ್ದ ಗಾಜಿನ ಆಸ್ಪತ್ರೆಯ ಮುಂದೆ ನಿಲ್ಲಿಸಿದ.

ದಾಖಲು ಮಾಡಿಕೊಳ್ಳುವ ಕೌಂಟರಿನಲ್ಲಿ ಹುಡುಗಿ ತಲೆಯೆತ್ತದೆ ಕೇಳಿದಳು: “ಪೇಷೆಂಟು ನಿಮಗೆ ಏನಾಗ್ಬೇಕು?”

ಹಿಂದೆ ಸಾಲಿನಲ್ಲಿ ಇಬ್ಬರು ನಿಂತಿದ್ದರು. ಇಬ್ಬರೂ ಬೇಕರಿಗೆ ಇತ್ತೀಚೆಗೆ ಬರತೊಡಗಿದ ಗಿರಾಕಿಗಳು, ಪರದೆಯ ಒಳಗಿದ್ದ ಗುಂಡನನ್ನು ಕಂಡವರಲ್ಲ. ಒಬ್ಬರು ಆಗಲೇ “ಏನಾಯ್ತು ಬೇಕರಿಯಣ್ಣ, ಯಾರಿಗೆ?” ಎಂದು ಕತ್ತು ಚಾಚಿದ್ದರು. ಇವತ್ತಲ್ಲ ನಾಳೆ ಇಲ್ಲಿ ರಕ್ತ ನೋಡುತ್ತಾರೆ, ಕಾಯಿಲೆಯ ಹೆಸರು ಹೊರಗೆ ಬರುತ್ತದೆ ಎಂಬುದು ಅವನ ತಲೆಯಲ್ಲಿ ಮಿಂಚಿ ಹೋಯಿತು.

“ಏನೂ ಆಗ್ಬೇಕಾಗಿಲ್ಲ,” ಎಂದ. “ನಮ್ಮ ಅಂಗಡೀಲಿ ಕೆಲಸಕ್ಕಿದ್ದಾನೆ.”

ಗುಂಡ ಪಕ್ಕದಲ್ಲೇ ಗಾಲಿಕುರ್ಚಿಯಲ್ಲಿದ್ದ. ಮೂಗಿಗೆ ಆಗಲೇ ಆಮ್ಲಜನಕದ ನಳಿಕೆ ಹಾಕಿದ್ದರು. ಅವನು ತಲೆಯೆತ್ತಿ ಅಣ್ಣನ ಮುಖ ನೋಡಿದ. ಬೇಕರಿಯಣ್ಣ ಜೇಬಿನಲ್ಲಿ ಏನನ್ನೋ ಹುಡುಕುವವನಂತೆ ಕಣ್ತಪ್ಪಿಸಿದ.

“ಪುಣ್ಯಾತ್ಮರು ನೀವು,” ಎಂದರು ಹಿಂದೆ ನಿಂತವರು. “ಕೆಲಸದವರಿಗೆ ಯಾರು ಇಷ್ಟು ಮಾಡ್ತಾರೆ!”

ಆ ಹೊಗಳಿಕೆ ಕಾದ ಟ್ರೇ ಬರಿಗೈಯಲ್ಲಿ ಹಿಡಿದಂತೆ ಸುಟ್ಟಿತು. ಆದರೂ ಅವನು ಹಲ್ಲು ಕಿರಿದ.

ಡಾಕ್ಟರು ಬಂದು, ಮೊದಲಿನಿಂದ ಏನಾದರೂ ಕಾಯಿಲೆ ಇದೆಯೇ ಎಂದಾಗಲೂ ಅವನು “ಏನಿಲ್ಲ ಸಾರ್, ಬರೀ ಕೆಮ್ಮು” ಎಂದುಬಿಟ್ಟ. ಹಾಗಾಗಿ ಒಂದಿಡೀ ದಿನ ಬೇಕಾದ್ದು ಬೇಡವಾದ್ದು ಎಲ್ಲ ಪರೀಕ್ಷೆ ನಡೆಯಿತು. ಯಂತ್ರದೊಳಗೆ ಮಲಗಿಸಿದರು, ಎದೆಯ ಚಿತ್ರ ತೆಗೆದರು, ದುಬಾರಿ ಇಂಜೆಕ್ಷನ್ ಕೊಟ್ಟರು. ಯಾವುದೂ ನಾಟಲಿಲ್ಲ. ಮರುದಿನ ಬೆಳಿಗ್ಗೆ ಬೇಕರಿಯಣ್ಣ ದುಡ್ಡು ಹೊಂದಿಸಲು ಹೋಗಿದ್ದಾಗ ಗುಂಡ ತಾನೇ ಡಾಕ್ಟರನ್ನು ಕರೆದು ಇದ್ದದ್ದನ್ನು ಹೇಳಿದ. ಮಾತ್ರೆ ನಿಂತು ಎಷ್ಟು ದಿನವಾಯಿತು ಎಂಬುದನ್ನೂ.

ಬೇಕರಿಯಣ್ಣ ವಾಪಸು ಬರುವಷ್ಟರಲ್ಲಿ ಗುಂಡನನ್ನು ಕಾರಿಡಾರಿನ ತುದಿಯ ಒಂಟಿ ಕೋಣೆಗೆ ಹಾಕಿದ್ದರು. ಊಟದ ತಟ್ಟೆ ಬಾಗಿಲ ಹೊರಗೆ ನೆಲದ ಮೇಲಿತ್ತು. ಬಿಲ್ಲಿನಲ್ಲಿ ಆ ಕೋಣೆಗೆ ಬೇರೆ, ಒಳಗೆ ಹೋಗುವವರ ಕೈಗವಸು ಮಾಸ್ಕಿಗೆ ಬೇರೆ ಹಣ ಬರೆದಿತ್ತು. ದಿನಕ್ಕಿಷ್ಟು ಅಂತ.

“ನಿನ್ನೆ ತನಕ ಇದ್ಯಾವುದೂ ಇರ್ಲಿಲ್ಲವಲ್ಲ?” ಎಂದು ಮ್ಯಾನೇಜರನ್ನು ಕೇಳಿದ.

“ನಿನ್ನೆ ತನಕ ನಮಗೆ ಗೊತ್ತಿರ್ಲಿಲ್ಲ,” ಎಂದರು ಮ್ಯಾನೇಜರು. ಒರಟು ಮನುಷ್ಯರೇನಲ್ಲ, ದನಿ ತಗ್ಗಿಸಿಯೇ ಮಾತಾಡಿದರು. “ನೋಡಿ, ನಮ್ಮ ನರ್ಸುಗಳು ಹೆದರ್ತಾರೆ. ಪಕ್ಕದ ಬೆಡ್ಡಿನವರು ಗಲಾಟೆ ಮಾಡ್ತಾರೆ. ನಾನು ಆಸ್ಪತ್ರೆ ನಡೆಸ್ಬೇಕು. ನಿಮಗೇನು, ಬೇಕಾದ್ರೆ ಸರ್ಕಾರಿ ಆಸ್ಪತ್ರೆಗೆ ಕರ್ಕೊಂಡು ಹೋಗಿ. ಕೆಲಸದವನಿಗೋಸ್ಕರ ನೀವ್ಯಾಕೆ ಇಷ್ಟು ಕಳ್ಕೋತೀರಿ?”

ಬೇಕರಿಯಣ್ಣ ಕೈಯಲ್ಲಿದ್ದ ಬಿಲ್ಲನ್ನು ಮತ್ತೊಮ್ಮೆ ಓದಿದ. ತಟ್ಟೆ ಬೇರೆ, ಕೋಣೆ ಬೇರೆ. ಈ ಮನುಷ್ಯ ಮಾಡಿದ್ದರಲ್ಲಿ ತಾನು ಮಾಡದಿದ್ದದ್ದು ಬಿಲ್ಲು ಹಾಕುವುದೊಂದೇ.

ಇನ್ನೂ ನಾಲ್ಕು ದಿನ ಅಲ್ಲೇ ಇಟ್ಟುಕೊಂಡ. ಅಷ್ಟರಲ್ಲಿ ವ್ಯಾನು ಮಾರಬೇಕಾಯಿತು. ಐದನೆಯ ದಿನ ಆಂಬುಲೆನ್ಸು ಮಾಡಿ ಸರ್ಕಾರಿ ಆಸ್ಪತ್ರೆಗೆ ಕರೆತಂದ. ಅದೂ ಮರ್ಯಾದೆಯ ಭಯ ಬಿಟ್ಟಿದ್ದರಿಂದ ಅಲ್ಲ, ದುಡ್ಡು ಮುಗಿದಿದ್ದರಿಂದ.

ಅಲ್ಲಿ ಉದ್ದನೆಯ ವಾರ್ಡು, ಗೋಡೆಗೆ ಒತ್ತಿ ಸಾಲು ಮಂಚಗಳು. ಗುಂಡನಿಗೆ ನಡುವಿನ ಮಂಚ ಸಿಕ್ಕಿತು. ನಡುವಯಸ್ಸಿನ ಡಾಕ್ಟರಮ್ಮ ಹಳೆಯ ಚೀಟಿಗಳನ್ನೆಲ್ಲ ನೋಡಿ, ಬರಿಗೈಯಲ್ಲೇ ಅವನ ಮುಂಗೈ ಹಿಡಿದು ನಾಡಿ ನೋಡಿದರು.

“ಮಾತ್ರೆ ಯಾಕಪ್ಪಾ ಬಿಟ್ಟೆ?”

ಗುಂಡ ಅಣ್ಣನ ಕಡೆ ನೋಡಿದ. ಅವರು ಬೇಕರಿಯಣ್ಣನ ಕಡೆ ತಿರುಗಿದರು. “ಇದು ಮಾತ್ರೆ ನಿಂತಿದ್ದಕ್ಕೆ ಹಿಡಿದ ನ್ಯುಮೋನಿಯಾ. ಬಿಡದೆ ತಗೊಂಡಿದ್ರೆ ಇವರಿಗೆ ಈ ಮಂಚ ಬೇಕಾಗ್ತಾ ಇರ್ಲಿಲ್ಲ. ಆ ಮಾತ್ರೆ ಇಲ್ಲೇ ಕೆಳಗಿನ ಕಿಟಕೀಲಿ ಪುಕ್ಕಟೆ ಸಿಗುತ್ತೆ. ನೀವು ಇವರಿಗೇನಾಗ್ಬೇಕು?”

ಬೇಕರಿಯಣ್ಣ ಬಾಯಿ ತೆರೆದ. ಅವನಿಗಿಂತ ಮೊದಲು ಗುಂಡ ಮಾತಾಡಿದ.

“ನಮ್ಮ ಯಜಮಾನ್ರು ಡಾಕ್ಟ್ರೇ. ನಾನು ಅವರ ಅಂಗಡೀಲಿ ಕೆಲಸಕ್ಕಿದೀನಿ.”

ಅದರಲ್ಲಿ ಕುಹಕವಿರಲಿಲ್ಲ. ಅಣ್ಣ ಕಟ್ಟಿದ ಸುಳ್ಳು ಬಿದ್ದುಹೋಗದಂತೆ, ಉಸಿರಿಗೆ ಕಷ್ಟಪಡುತ್ತಲೇ ಗುಂಡ ಹೆಗಲು ಕೊಟ್ಟಿದ್ದ. ಬೇಕರಿಯಣ್ಣ ಆಗಲಾದರೂ ಹೇಳಬಹುದಿತ್ತು. ಅಕ್ಕಪಕ್ಕದ ಮಂಚದವರೆಲ್ಲ ನೋಡುತ್ತಿದ್ದರು. ಔಷಧ ತರುತ್ತೇನೆ ಎಂದು ಗೊಣಗಿ ಕಾರಿಡಾರಿಗೆ ಬಂದುಬಿಟ್ಟ.

ಎದುರಿನಿಂದ ಫಾರ್ಮಸಿಯಮ್ಮ ಬರುತ್ತಿದ್ದಳು. ಬೇಕರಿಯಣ್ಣ ಸರಕ್ಕನೆ ಅಲ್ಲಿದ್ದ ಕಂಬದ ಮರೆಗೆ ಸರಿದ.

“ಆ ಕಂಬ ನಿಮಗೆ ಸಾಲಲ್ಲ ಬೇಕರಿಯಣ್ಣ,” ಎಂದಳು ಅವಳು, ನಿಂತು. “ಎರಡೂ ಕಡೆ ಕಾಣ್ತಿದೀರಿ.”

ಅವನು ಹೊರಗೆ ಬಂದ. ಕಿವಿಯವರೆಗೂ ಬಿಸಿಯೇರಿತ್ತು.

“ಗುಂಡಣ್ಣನ್ನ ನಾನು ನೋಡ್ದೆ,” ಎಂದಳು. “ಕೆಳಗೆ ಸ್ಟ್ರೆಚರಿನಲ್ಲಿ ಇದ್ದಾಗಲೇ ಸಿಕ್ಕಿದ್ರು. ಮುಂದಿನ ಮಾತ್ರೆ ವಿಷಯ ನಮ್ಮ ಯಜಮಾನ್ರ ಹತ್ರ ಮಾತಾಡಿ ಅಂದ್ರು. ಯಾರಪ್ಪಾ ಈ ಯಜಮಾನ್ರು ಅಂದ್ಕೊಂಡೆ.” ಅವಳು ನಕ್ಕಳು. ಅವನು ನಗಲಿಲ್ಲ. ಅದನ್ನು ನೋಡಿ ಅವಳ ನಗುವೂ ನಿಂತಿತು.

“ನಿಮಗೆ... ಯಾವಾಗಿಂದ ಗೊತ್ತು?”

“ಮೊದಲನೇ ಡಬ್ಬಿ ಕೊಟ್ಟವಳೇ ನಾನು. ಆಮೇಲೆ ಅವರು ಬರ್ಲೇ ಇಲ್ಲ. ಬೇರೆ ಕಡೆ ತಗೋತಿದಾರೋ, ಬಿಟ್ಟೇಬಿಟ್ರೋ ಅಂತ ನನಗೆ ಯೋಚನೆ. ಇಲ್ಲಿಯ ವಿಷಯ ಬೀದೀಲಿ ಬಾಯಿಬಿಡೋ ಹಾಗಿಲ್ಲ. ಅದಕ್ಕೇ ದಿನಾ ಸಂಜೆ ಗುಂಡಣ್ಣ ಹೇಗಿದಾರೆ ಅಂತಷ್ಟೇ ಕೇಳ್ತಿದ್ದೆ. ನೀವು ಚೆನ್ನಾಗಿದಾನೆ ಅಂದು ಬ್ರೆಡ್ಡು ಸುತ್ತಿಕೊಡ್ತಿದ್ರಿ.”

ಬೇಕರಿಯಣ್ಣನಿಗೆ ನೆನಪಾಯಿತು. ಈ ಹೆಂಗಸಿಗೆ ಯಾಕಿಷ್ಟು ಕೆದಕುವ ಚಟ ಎಂದು ಅವನು ಎಷ್ಟು ಸಂಜೆ ಮನಸ್ಸಿನಲ್ಲೇ ಬೈದುಕೊಂಡಿದ್ದ!

“ಮತ್ತೆ ಬ್ರೆಡ್ಡು...? ಅವನೇ ನಾದೋದು ಅಂತ ಗೊತ್ತಿದ್ದೂ ಒಯ್ತಿದ್ರಾ?”

“ಮಕ್ಕಳಿಗೂ ಅದನ್ನೇ ಕೊಟ್ಟಿದೀನಿ. ತಿನ್ನೋದ್ರಿಂದ ಬರಲ್ಲ ಅಂತ ನನಗೆ ಗೊತ್ತು.” ಅವಳು ಕೇಳಿದಳು, “ನಿಮಗೂ ಗೊತ್ತಿತ್ತಲ್ವಾ?”

ಚುಚ್ಚಬೇಕೆಂದು ಕೇಳಿದ್ದಲ್ಲ. ಆದರೂ ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು ಅವನಿಗೆ. ಯಾರ ಕಣ್ಣಿಗೆ ಬೀಳಬಾರದೆಂದು ಮೂರು ವರ್ಷ ತಮ್ಮನನ್ನು ದೂರದ ಊರಿಗೆ ಅಲೆಸಿದನೋ, ದುಡ್ಡು ಸುರಿದನೋ, ಕೊನೆಗೆ ಹಾಸ್ಟೆಲಿನ ಬನ್ನಿಗಾಗಿ ಆ ಅಲೆದಾಟವನ್ನೂ ನಿಲ್ಲಿಸಿದನೋ, ಆ ಕಣ್ಣು ಮೊದಲ ದಿನವೇ ಎಲ್ಲವನ್ನೂ ನೋಡಿ, ದಿನಾ ಬಂದು ಅವನ ತಮ್ಮನ ಯೋಗಕ್ಷೇಮ ಕೇಳಿಕೊಂಡು ಹೋಗುತ್ತಿತ್ತು.

ಅವನು ವಾರ್ಡಿಗೆ ವಾಪಸು ಬಂದಾಗ ಹೆಂಡತಿ ಬಂದಿದ್ದಳು. ಮಂಚದ ಅಂಚಿನಲ್ಲಿ ಕೂತು, ಮೈದುನನ ತಲೆಯನ್ನು ತೋಳಿಗೆ ಆನಿಸಿಕೊಂಡು ಗಂಜಿ ಕುಡಿಸುತ್ತಿದ್ದಳು. ಮನೆಯಿಂದ ತಂದಿದ್ದು ತನ್ನದೇ ತಟ್ಟೆ, ತನ್ನದೇ ಲೋಟ. ಗಂಡನನ್ನು ನೋಡಿಯೂ ಅದನ್ನು ಮರೆಮಾಡಲಿಲ್ಲ. ಮೂರು ವರ್ಷದಲ್ಲಿ ತಾನೊಮ್ಮೆಯೂ ಗುಂಡನ ಮೈ ಮುಟ್ಟಿಲ್ಲ ಎಂಬುದು ಬೇಕರಿಯಣ್ಣನಿಗೆ ಆಗ ಹೊಳೆಯಿತು. ವ್ಯಾನಿಗೆ ಎತ್ತಿ ಹಾಕಿದ್ದೇ ಮೊದಲು. ಅದೂ ಮೂಟೆ ಎತ್ತಿದಂತೆ.

ಡಾಕ್ಟರಮ್ಮ ಎರಡು ಮಂಚದಾಚೆ ಇನ್ನೊಬ್ಬರನ್ನು ನೋಡುತ್ತಿದ್ದರು. ಬೇಕರಿಯಣ್ಣ ಅಲ್ಲಿಗೆ ಹೋಗಿ ನಿಂತ.

“ಡಾಕ್ಟ್ರೇ, ಆಗ ಕೇಳಿದ್ರಲ್ಲ. ಅವನು ನನ್ನ ತಮ್ಮ. ಒಡಹುಟ್ಟಿದ ತಮ್ಮ. ಮಾತ್ರೆ ಅವನು ಬಿಡ್ಲಿಲ್ಲ, ನಾನೇ ಬಿಡಿಸ್ದೆ.”

ವಾರ್ಡಿನಲ್ಲಿ ಯಾರೋ ಕೆಮ್ಮಿದರು, ಯಾರೋ ಚಮಚ ಕೆಳಗೆ ಬೀಳಿಸಿದರು. ಡಾಕ್ಟರಮ್ಮ “ಸರಿ, ಹಾಗಾದ್ರೆ ನಾಳೆಯಿಂದ ನೀವೇ ಅವರ ಜೊತೆ ಇರಿ” ಎಂದಷ್ಟೇ ಹೇಳಿ ಮುಂದಿನ ಮಂಚಕ್ಕೆ ಹೋದರು. ಗುಂಡ ಕಣ್ಣು ಮುಚ್ಚಿಕೊಂಡಿದ್ದ. ಬೇಕರಿಯಣ್ಣ ಹತ್ತಿರ ಹೋಗಿ ಅವನ ಕಾಲ ಮೇಲೆ ಕೈಯಿಟ್ಟ.

“ತಪ್ಪಾಯ್ತು ಕಣೋ.”

“ಇರ್ಲಿ ಬಿಡಿ,” ಎಂದ ಗುಂಡ. ಬಿಡಿ ಅಂದ, ಬಿಡು ಅನ್ನಲಿಲ್ಲ. ಕಾಲನ್ನು ಎಳೆದುಕೊಳ್ಳಲಿಲ್ಲ, ಅಷ್ಟೇ.

ಜ್ವರ ಇಳಿಯಲು ವಾರ ಹಿಡಿಯಿತು, ಎದ್ದು ನಡೆಯಲು ಇನ್ನೂ ಹೆಚ್ಚು. ಮಾತ್ರೆ ಮತ್ತೆ ಶುರುವಾಯಿತು. ಗುಂಡನ ಹಾಸಿಗೆ ಮೈದಾ ಮೂಟೆಗಳ ನಡುವಿನಿಂದ ಮನೆಯೊಳಗೆ ಬಂತು. ಬೇರೆ ತಟ್ಟೆ ಲೋಟವನ್ನು ಅತ್ತಿಗೆ ಯಾರಿಗೂ ಹೇಳದೆ ಗುಜರಿಗೆ ಹಾಕಿದಳು.

ವಾರ್ಡಿನಲ್ಲಿ ಆಡಿದ ಮಾತು ವಾರ್ಡಿನಲ್ಲೇ ಉಳಿಯಲಿಲ್ಲ. ಹಾಸ್ಟೆಲ್ ವಾರ್ಡನ್ನು ಒಂದು ಬೆಳಿಗ್ಗೆ ಕೌಂಟರಿಗೆ ಬಂದರು.

“ತಪ್ಪು ತಿಳೀಬೇಡಿ ಬೇಕರಿಯಣ್ಣ. ನನಗೇನೂ ಇಲ್ಲ. ಹುಡುಗರ ತಂದೆತಾಯಿ ಕೇಳ್ತಾರೆ. ನಿಮ್ಮ... ಅವರನ್ನ ಹಿಟ್ಟಿನ ಕೆಲಸದಿಂದ ಬಿಡಿಸ್ತೀನಿ ಅಂದ್ರೆ ಸಾಕು, ಆರ್ಡರ್ ಮುಂದುವರಿಯುತ್ತೆ.”

ಪರದೆಯ ಹಿಂದೆ ಹಿಟ್ಟು ಬಡಿಯುವ ಸದ್ದು ನಿಂತಿತು. ಒಳಗಿನವನು ಕೇಳಿಸಿಕೊಳ್ಳುತ್ತಿದ್ದಾನೆ ಎಂಬುದು ಬೇಕರಿಯಣ್ಣನಿಗೆ ಗೊತ್ತಾಯಿತು.

“ಬಿಡ್ಸಲ್ಲ ಸಾರ್,” ಎಂದ. “ಬನ್ನಿನಿಂದ ಬರೋ ಕಾಯಿಲೆ ಅಲ್ಲ ಅದು. ನನ್ನ ಮಾತು ಬೇಡ, ಯಾವ ಡಾಕ್ಟ್ರನ್ನಾದ್ರೂ ಕೇಳಿ ಬನ್ನಿ. ನಾನು ಕೇಳಿದ್ದೆ, ಕೇಳಿಯೂ ಕಿವಿಗೆ ಹಾಕ್ಕೊಂಡಿರ್ಲಿಲ್ಲ. ಅದಕ್ಕೆ ಅವನ ಜೀವ ಹೋಗೋದ್ರಲ್ಲಿತ್ತು.”

ವಾರ್ಡನ್ನು ನೋಡೋಣ ಎಂದು ಹೋದರು, ಮತ್ತೆ ಬರಲಿಲ್ಲ. ದಿನದ ಗಿರಾಕಿಗಳಲ್ಲೂ ಕೆಲವರು ರಸ್ತೆಯ ಆಚೆ ಬದಿಯಲ್ಲಿ ನಡೆಯತೊಡಗಿದರು. ವ್ಯಾನಿಲ್ಲದ್ದರಿಂದ ಬೇಕರಿಯಣ್ಣ ಸೈಕಲ್ಲಿಗೆ ಡಬ್ಬಿ ಕಟ್ಟಿಕೊಂಡು ಬ್ರೆಡ್ಡು ಹಾಕಿ ಬರುತ್ತಿದ್ದ. ಮುಖ ತಿರುಗಿಸಿಕೊಂಡು ಹೋಗುವವರ ಮೇಲೆ ಸಿಟ್ಟು ಮಾಡಿಕೊಳ್ಳುವ ಮುಖ ಅವನಿಗಿರಲಿಲ್ಲ. ಅವರಿಗಿಂತ ತಾನೇನು ಮೇಲಾಗಿದ್ದೆ?

ತಿಂಗಳಿಗೊಮ್ಮೆ ಅಣ್ಣತಮ್ಮ ಇಬ್ಬರೂ ಹಾಡಹಗಲಲ್ಲೇ ಆಸ್ಪತ್ರೆಗೆ ಹೋಗುತ್ತಿದ್ದರು. ಒಬ್ಬನೇ ಹೋಗಿ ಬರ್ತೀನಿ ಎಂದು ಗುಂಡ ಹೇಳಿ ನೋಡಿದ್ದ, ಬೇಕರಿಯಣ್ಣ ಕೇಳಲಿಲ್ಲ. ದಾರಿಯಲ್ಲಿ ಇಬ್ಬರಿಗೂ ಹೆಚ್ಚು ಮಾತಿರುತ್ತಿರಲಿಲ್ಲ. ಗುಂಡ ಈಗಲೂ ಅವನನ್ನು ಅಣ್ಣ ಎನ್ನುತ್ತಿರಲಿಲ್ಲ, ಏನೆಂದೂ ಕರೆಯುತ್ತಿರಲಿಲ್ಲ. ಕರೆ ಎಂದು ಕೇಳುವ ಧೈರ್ಯ ಅಣ್ಣನಿಗೂ ಇರಲಿಲ್ಲ.

ಅಂಥ ಒಂದು ದಿನ, ಸಾಲು ಉದ್ದವಿತ್ತು. ಗುಂಡ ಬೆಂಚಿನಲ್ಲಿ ಕೂತಿದ್ದ. ನೀರು ತರಲೆಂದು ಹೊರಗೆ ಬಂದ ಬೇಕರಿಯಣ್ಣನ ಕಣ್ಣು ಗೇಟಿನಾಚೆ ಬಿತ್ತು. ಉರಿಬಿಸಿಲಿನಲ್ಲಿ ಸ್ಕೂಟರಿನ ಮೇಲೆ ವಯಸ್ಸಾದ ಒಬ್ಬ ಮನುಷ್ಯ ಕೂತಿದ್ದ. ತಲೆಗೆ ಹೆಲ್ಮೆಟ್ಟು ಹಾಗೇ ಇತ್ತು, ಗಾಜು ಕೂಡ ಎತ್ತಿರಲಿಲ್ಲ. ಅವನ ಹಿಂದೆ ಕೂತು ಬಂದಿದ್ದ ಹುಡುಗಿ ಮುಖಕ್ಕೆ ಬಟ್ಟೆ ಸುತ್ತಿಕೊಂಡು, ಒಬ್ಬಳೇ ಒಳಗೆ ಬಂದು ಸಾಲಿನ ಕೊನೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತಿದ್ದಳು.

ಬೇಕರಿಯಣ್ಣ ನೀರಿನ ಬಾಟಲು ಹಿಡಿದು ಗೇಟು ದಾಟಿದ.

“ಯಜಮಾನ್ರೇ, ನೀರು ಬೇಕಾ?”

“ಬೇಡ. ನಾನು ಸುಮ್ನೆ ಗಾಡಿ ನಿಲ್ಸಿದೀನಿ,” ಎಂದಿತು ಹೆಲ್ಮೆಟ್ಟಿನೊಳಗಿನ ದನಿ. “ಯಾರಿಗೋ ಕಾಯ್ತಿದೀನಿ.”

ಯಾರಿಗೆ ಎಂದು ಬೇಕರಿಯಣ್ಣ ಕೇಳಲಿಲ್ಲ. ಆ ಪ್ರಶ್ನೆಗೆ ಬಾಯಿಗೆ ಎಂಥ ಉತ್ತರ ಬಂದುಬಿಡುತ್ತದೆ ಎಂಬುದು ಅವನಿಗೆ ಗೊತ್ತಿತ್ತು.

“ಒಳಗೆ ಫ್ಯಾನಿದೆ, ಬೆಂಚಿದೆ,” ಎಂದ. “ನನ್ನ ತಮ್ಮನೂ ಮಾತ್ರೆಗೆ ಬಂದಿದಾನೆ, ಅಲ್ಲೇ ಕೂತಿದಾನೆ ನೋಡಿ, ನೀಲಿ ಅಂಗಿ. ಅವನ ಪಕ್ಕ ಜಾಗ ಇದೆ. ಸಾಲು ತುಂಬಾ ಉದ್ದ ಇದೆ, ಆ ಹುಡುಗಿ ಎಷ್ಟು ಹೊತ್ತು ಅಂತ ನಿಂತಿರುತ್ತೆ?”

ಆ ಮನುಷ್ಯ ಗೇಟಿನೊಳಗೆ ನೋಡಿದ. ಎಡಕ್ಕೆ, ಬಲಕ್ಕೆ, ರಸ್ತೆಯ ಮೇಲೆ ಯಾರು ಬರುತ್ತಿದ್ದಾರೆ ಎಂದು ನೋಡಿದ. ಮತ್ತೆ ಹುಡುಗಿಯ ಬೆನ್ನು ನೋಡಿದ. ಬೇಕರಿಯಣ್ಣ ಅವಸರ ಮಾಡಲಿಲ್ಲ, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಪಕ್ಕದಲ್ಲೇ ನಿಂತ.

ಕೊನೆಗೆ ಆತ ಸ್ಕೂಟರಿನ ಸ್ಟ್ಯಾಂಡು ಹಾಕಿ ಕೆಳಗಿಳಿದ. ಗದ್ದದ ಕೆಳಗಿನ ಪಟ್ಟಿ ಬಿಚ್ಚಿದ. ಹೆಲ್ಮೆಟ್ಟು ಕಳಚಿ ಕಂಕುಳಲ್ಲಿ ಇಟ್ಟುಕೊಂಡು, ಬೆವೆತ ಮುಖವನ್ನು ಹಾಗೇ ಬಿಟ್ಟು, ಅವನು ಗೇಟಿನೊಳಕ್ಕೆ ಹೆಜ್ಜೆ ಹಾಕಿದ.